ಇಂಬಳದ ಪಾಠಕ್ಕೆ ಹಾಕಿದ ಷರತ್ತು

ಇಂಬಳದ ಪಾಠವನ್ನು ನಾನು ಬರೆದದ್ದು ಸಿಟ್ಟಿನಿಂದ. ಅಭಿಸರಣೆಯನ್ನು ಅರ್ಥಮಾಡಿಸಲು ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ ಎಂದು ವಿಜ್ಞಾನದ ಪುಸ್ತಕದಲ್ಲಿತ್ತು. ಕೊಪ್ಪದ ಹತ್ತಿರದ ನಮ್ಮ ಶಾಲೆಯ ಮಕ್ಕಳು ದ್ರಾಕ್ಷಿ ಕಾಣುತ್ತಿದ್ದದ್ದು ಮದುವೆಮನೆಯ ಪಾಯಸದಲ್ಲಿ. ಅದನ್ನು ತಂದು ನೆನೆಹಾಕಿ ನೋಡುವಷ್ಟು ತಾಳ್ಮೆ ಯಾವ ಮಗುವಿಗಿದೆ? ಆದರೆ ಮಳೆಗಾಲದಲ್ಲಿ ಶಾಲೆಗೆ ನಡೆದು ಬರುವಾಗ ಕಾಲಿಗೆ ಇಂಬಳ ಹತ್ತದ ಮಗು ಒಂದೂ ಇರಲಿಲ್ಲ. ರಕ್ತ ಹೀರಿ ಉಬ್ಬಿದ ಆ ಜಿಗಣೆಗೆ ಉಪ್ಪು ಮುಟ್ಟಿಸಿದರೆ ಮೈಯ ನೀರೆಲ್ಲ ಬಿಟ್ಟು ಮುದುಡಿ ಬೀಳುತ್ತದೆ. ಅಭಿಸರಣೆ ಅಂದರೆ ಅದೇ. ಅದು ಕಚ್ಚಿದ್ದು ಯಾಕೆ ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ಯಾಕೆ ನಿಲ್ಲುವುದಿಲ್ಲ ಎಂಬುದನ್ನೂ ಸೇರಿಸಿ, ಚಿತ್ರ ಬರೆದು, ಕೈಬರಹದಲ್ಲೇ ಪಾಠ ಸಿದ್ಧ ಮಾಡಿದೆ. ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಕನ್ನಡ ಬರೀ ಚೌಕಚೌಕವಾಗಿ ಕಾಣುತ್ತಿದ್ದ ಕಾಲ ಅದು.

ಪ್ರತಿ ಮಾಡಲು ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಕೊಟ್ಟಾಗ ಅಂಗಡಿಯವನು ಚಿತ್ರ ನೋಡಿ ನಕ್ಕ.

"ಎಂತ ಟೀಚರೆ, ಇಂಬಳಕ್ಕೂ ಪಾಠನಾ? ನಮ್ಮ ರಕ್ತ ಕುಡಿದು ಅದು ನಮಗಿಂತ ಹೆಚ್ಚು ಕಲ್ತಿರ್ತದೆ ಮಾರಾಯ್ರೆ!"

ನಗುತ್ತಲೇ ಒಂದು ಪ್ರತಿ ತನ್ನ ಮಗಳಿಗೆಂದು ತೆಗೆದಿಟ್ಟುಕೊಂಡ. ವಾರದೊಳಗೆ ಬೇರೆ ಶಾಲೆಯ ಮಕ್ಕಳೂ ಅವನಲ್ಲಿಗೆ ಬಂದು "ಇಂಬಳದ್ದು ಕೊಡಿ" ಎಂದು ಕೇಳತೊಡಗಿದರು. ಅವನು ತನ್ನ ದರ ಹಿಡಿದು ಮಾರಿದ. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ನಾನು ಬಿ.ಎಸ್ಸಿ. ಮುಗಿಸಿದ್ದೇ ಜೆರಾಕ್ಸಿನಲ್ಲಿ. ಅಪ್ಪ, ಅಮ್ಮ ಕೊಪ್ಪದ ಪಕ್ಕದ ನಾರ್ವೆ ಎಂಬ ಹಳ್ಳಿಯ ಕಡೆಯ ತೋಟಗಳಲ್ಲಿ ಕೂಲಿ ಮಾಡಿದವರು. ನಮ್ಮ ಮನೆಯಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಗೆಳತಿಯರು ಕೊಂಡ ಪುಸ್ತಕ ಒಂದು ಸಂಜೆಗೆ ನನ್ನ ಕೈಗೆ ಬರುತ್ತಿತ್ತು. ಬೇಕಾದ ಪುಟ ಜೆರಾಕ್ಸ್ ಮಾಡಿಸಿ ಬೆಳಿಗ್ಗೆ ಹಿಂತಿರುಗಿಸುತ್ತಿದ್ದೆ. ಆ ಮೆಷಿನ್ನಿನ ಹಸಿರು ಬೆಳಕು ಇಲ್ಲದಿದ್ದರೆ ಇವತ್ತು ನಾನೂ ಯಾರದ್ದೋ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿರುತ್ತಿದ್ದೆ.

ಆಗ ನಾನು ಇಮೇಲಿನ ಒಂದು ಗುಂಪಿಗೆ ಸೇರಿದ್ದೆ. ಪಾಠ, ಚಿತ್ರ, ಪ್ರಶ್ನೆಪತ್ರಿಕೆಗಳನ್ನು ಯಾರು ಬೇಕಾದರೂ ಕಾಸಿಲ್ಲದೆ ಬಳಸುವಂತೆ ಜಗತ್ತಿಗೆ ತೆರೆದಿಡುವುದು ಹೇಗೆ ಎಂದು ಬೇರೆ ಬೇರೆ ದೇಶಗಳ ಮೇಷ್ಟ್ರುಗಳು ಅಲ್ಲಿ ಚರ್ಚಿಸುತ್ತಿದ್ದರು. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬುದು ಅದರ ದೊಡ್ಡ ಹೆಸರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಕೆಫೆಗೆ ಹೋಗಿ ಓದುತ್ತಿದ್ದೆ. ನನ್ನ ಇಂಗ್ಲಿಷ್ ಸರ್ಕಾರಿ ಶಾಲೆಯ ಇಂಗ್ಲಿಷ್. ತಪ್ಪಾದರೆ ಆಗಲಿ ಎಂದು ಬರೆಯುತ್ತಲೂ ಇದ್ದೆ. ಆ ಗುಂಪು ಎಲ್ಲ ಭಾಷೆಗಳ ಪಾಠಗಳ ಒಂದು ಸಂಗ್ರಹ ಕಟ್ಟುತ್ತಿತ್ತು. ಕನ್ನಡದ್ದು ಒಂದೂ ಇರಲಿಲ್ಲ. ಇಂಬಳದ ಪಾಠದ ಹಾಳೆಗಳನ್ನೇ ಸ್ಕ್ಯಾನ್ ಮಾಡಿಸಿ ಕಳಿಸಿಕೊಟ್ಟೆ.

ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದವರು ದೂರದ ಶ್ರೀಮಂತ ದೇಶವೊಂದರ ಪ್ರಾಧ್ಯಾಪಕರು. ಪಾಠವನ್ನು ತುಂಬ ಮೆಚ್ಚಿ ಬರೆದರು. ಜೊತೆಗೆ ಒಂದು ಷರತ್ತು: ಪ್ರತಿ ಪುಟದ ಕೆಳಗೂ 'ಹಣ ಪಡೆದು ನಕಲು ಮಾಡುವಂತಿಲ್ಲ' ಎಂಬ ಸಾಲು ಇರಬೇಕು. ಸಂಗ್ರಹದ ಎಲ್ಲ ಪಾಠಗಳಿಗೂ ಅದೇ ನಿಯಮ.

ನಾನು ವಿಚಾರಿಸಿದೆ: ಜೆರಾಕ್ಸ್ ಅಂಗಡಿಯವನು ಹಾಳೆಗೆ ಕಾಸು ತೆಗೆದುಕೊಳ್ಳುತ್ತಾನಲ್ಲ, ಅದೂ ತಪ್ಪೇ? ಅವನು ಲಾಭಕ್ಕಾಗಿ ಮಾಡಿದರೆ ತಪ್ಪೇ ಎಂದು ಉತ್ತರ ಬಂತು.

ಆ ಸಂಜೆ ಇದನ್ನು ಅಂಗಡಿಯವನಿಗೆ ಹೇಳಿದೆ. ಅವನ ಕೈ ಮೆಷಿನ್ನಿನ ಮುಚ್ಚಳದ ಮೇಲೇ ನಿಂತಿತು.

"ಹಂಗಾರೆ ನಾನು ಕಳ್ಳ ಆದ್ನಾ? ಟೋನರ್ ಎಂತ ಹಲಸಿನ ಮರದಲ್ಲಿ ಬಿಡ್ತದಾ? ಅವರನ್ನೇ ಬಂದು ಸುಮ್ಮನೆ ಪ್ರತಿ ತೆಗೆದು ಕೊಡ್ಲಿಕ್ಕೆ ಹೇಳಿ. ಸ್ಟೂಲ್ ನಾನು ಕೊಡ್ತೇನೆ, ಚಾನೂ ಕುಡಿಸ್ತೇನೆ."

ಅವನದು ತಮಾಷೆ. ನನಗೆ ತಮಾಷೆಯಾಗಿ ಕಾಣಲಿಲ್ಲ. ನಮ್ಮ ಮಕ್ಕಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕರೆಂಟಿನದೇ ನಂಬಿಕೆ ಇರಲಿಲ್ಲ. ಪಾಠ ಅವರಿಗೆ ತಲುಪಬೇಕಾದರೆ ಆ ಮೆಷಿನ್ನಿನ ಹೊಟ್ಟೆಯಿಂದಲೇ ಬರಬೇಕು. ಷರತ್ತು ಒಪ್ಪಿದರೆ ಕನ್ನಡದ ಪಾಠ ಜಗತ್ತಿಗೆಲ್ಲ ಕಾಣುತ್ತಿತ್ತು, ನಮ್ಮ ನಾರ್ವೆ ಹಳ್ಳಿಯ ಮಗುವಿಗೆ ಮಾತ್ರ ನ್ಯಾಯವಾಗಿ ಸಿಗುತ್ತಿರಲಿಲ್ಲ.

ಮುಂದಿನ ಶನಿವಾರ ಗುಂಪಿಗೆಲ್ಲ ಕಾಣುವಂತೆ ಬರೆದೆ. ನಮ್ಮ ಕಡೆ ಮುಯ್ಯಾಳು ಅಂತ ಇದೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಮಧ್ಯಾಹ್ನದ ಊಟ ಉಂಟು. ನಮ್ಮದೊಂದು ತುಂಡು ಗದ್ದೆ ನಾಟಿಯಾಗುತ್ತಿದ್ದದ್ದೇ ಹಾಗೆ. ನಾನೂ ಮೊಣಕಾಲಮಟ್ಟ ಕೆಸರಿನಲ್ಲಿ ನಿಂತವಳೇ. ಮುಯ್ಯಾಳಿಗೆ ಬಂದ ಯಾರೂ, ಈ ಗದ್ದೆಯ ಭತ್ತ ನೀನು ಉಣ್ಣುತ್ತೀಯೋ ಮಾರುತ್ತೀಯೋ ಎಂದು ಕೇಳಿ ಕೆಸರಿಗೆ ಇಳಿಯುವುದಿಲ್ಲ. ನಾನು ಈ ಪಾಠ ಕೊಟ್ಟದ್ದು ಹಾಗೆ.

ಮುಯ್ಯಾಳು ಎಂಬುದನ್ನು ನನಗೆ ತಿಳಿದಂತೆ 'ಲೇಬರ್ ಎಕ್ಸ್‌ಚೇಂಜ್' ಎಂದು ಬರೆದಿದ್ದೆ. ಒಬ್ಬರು ಅದನ್ನು ಸರ್ಕಾರದ ಉದ್ಯೋಗ ವಿನಿಮಯ ಕಚೇರಿ ಎಂದುಕೊಂಡು, ಪಾಠ ಕಳಿಸಬೇಕಾದ್ದು ಶಿಕ್ಷಣ ಇಲಾಖೆಗೆ ಅಲ್ಲವೇ ಎಂದು ವಿನಯದಿಂದ ಕೇಳಿದರು. ಅವರಿಗೆ ನಾಟಿ ಗದ್ದೆಯನ್ನೇ ಬಿಡಿಸಿ ವಿವರಿಸಬೇಕಾಯಿತು. ಆಫ್ರಿಕಾದ ಒಬ್ಬ ಶಿಕ್ಷಕಿ ಮಾತ್ರ ಸರಿಯಾಗಿ ಹಿಡಿದರು. ತಮ್ಮ ಊರಲ್ಲೂ ಕೊಡೆಯ ಕೆಳಗೆ ಮೆಷಿನ್ ಇಟ್ಟುಕೊಂಡವನೊಬ್ಬನಿದ್ದಾನೆ, ಅವನಿಲ್ಲದೆ ತಮ್ಮ ಶಾಲೆ ನಡೆಯುವುದಿಲ್ಲ ಎಂದು ಬರೆದರು.

ಪ್ರಾಧ್ಯಾಪಕರ ಉತ್ತರ ತಣ್ಣಗಿತ್ತು. ದೊಡ್ಡ ಪ್ರಕಾಶಕರು ನಿಮ್ಮ ಶ್ರಮವನ್ನು ಮಾರಿಕೊಂಡಾರು, ಈ ನಿಯಮ ಇರುವುದು ನಿಮ್ಮಂಥವರ ರಕ್ಷಣೆಗೇ ಎಂದಿದ್ದರು.

ನಿಮ್ಮಂಥವರು! ನನ್ನನ್ನು ರಕ್ಷಿಸಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಹಾಗೆಂದೇ ಬರೆದೆ. ದೊಡ್ಡ ಪ್ರಕಾಶಕ ಕೊಪ್ಪಕ್ಕೆ ಬಂದು ಇಂಬಳದ ಪಾಠ ಮಾರಿದರೆ ಮಾರಲಿ, ಅವನ ಕಾಲಿಗೂ ಒಂದೆರಡು ಹತ್ತಲಿ. ನನ್ನ ಊರಿನ ಅಂಗಡಿಯವನನ್ನು ಕಳ್ಳನನ್ನಾಗಿ ಮಾಡುವ ಸಾಲನ್ನು ನನ್ನ ಕೈಯಿಂದ ಬರೆಯುವುದಿಲ್ಲ.

ನಿಯಮ ಬದಲಾಗಲಿಲ್ಲ. ಪಾಠ ಸಂಗ್ರಹಕ್ಕೆ ಸೇರಲಿಲ್ಲ.

ಮನೆಗೆ ಬಂದಾಗ ಅಮ್ಮ ಮುಖ ನೋಡಿಯೇ ಕೇಳಿದಳು:

"ಎಂತದೆ ಅದು, ಮುಖ ಕಾಣದವರ ಹತ್ರ ಜಗಳ? ಗೆದ್ಯಾ?"

"ಇಲ್ಲ."

"ಸೋತ್ಯಾ?"

"ಇಲ್ಲ."

"ಹಂಗಾರೆ ಕೈ ತೊಳಿ, ಊಟ ಮಾಡು. ಗೆಲ್ದೆ ಸೋಲ್ದೆ ಇದ್ದವರಿಗೆ ಹಸಿವು ಜಾಸ್ತಿ."

ಮರುದಿನ ಪಾಠದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: 'ಇದನ್ನು ಯಾರು ಬೇಕಾದರೂ ನಕಲು ಮಾಡಬಹುದು, ಮಾರಬಹುದು, ತಪ್ಪಿದ್ದರೆ ತಿದ್ದಬಹುದು. ತಡೆಯುವ ಹಕ್ಕು ಯಾರಿಗೂ ಇಲ್ಲ, ಬರೆದವಳಿಗೂ.' ಕೊಪ್ಪದ ಅಂಗಡಿಗೆ ಹೊಸ ಪ್ರತಿ ಕೊಟ್ಟೆ. ಬಿಡುವಾದಾಗ ಬಸ್ಸಿನಲ್ಲಿ ಶೃಂಗೇರಿಗೂ ನರಸಿಂಹರಾಜಪುರಕ್ಕೂ ಹೋಗಿ ಅಲ್ಲಿಯ ಜೆರಾಕ್ಸ್ ಅಂಗಡಿಗಳಲ್ಲೂ ಒಂದೊಂದು ಇಟ್ಟು ಬಂದೆ. ಶೃಂಗೇರಿಯವನು ಅನುಮಾನದಿಂದ ನೋಡಿ, "ಇದರಲ್ಲಿ ನಿಮಗೆಂತ ಲಾಭ?" ಎಂದ. "ನಿಮಗಿದೆಯಲ್ಲ, ಸಾಕು" ಎಂದೆ.

ಮಳೆಗಾಲ ಕಳೆಯುವಷ್ಟರಲ್ಲಿ ನರಸಿಂಹರಾಜಪುರದ ಕಡೆಯಿಂದ ನನ್ನ ಪಾಠ ದಪ್ಪವಾಗಿ ಕೊಪ್ಪದ ಅಂಗಡಿಗೇ ತಿರುಗಿ ಬಂತು. ನಾನು ನೋಡಿರದ ಯಾರೋ ಶಿಕ್ಷಕರು ಅದರಲ್ಲಿ ನನ್ನ ಒಂದು ಚಿತ್ರ ತಿದ್ದಿ, ಸುಣ್ಣ ಮತ್ತು ಹೊಗೆಸೊಪ್ಪಿನ ಪ್ರಯೋಗಗಳನ್ನು ಸೇರಿಸಿದ್ದರು. ಹೆಸರು ಬರೆದಿರಲಿಲ್ಲ. ಅಂಗಡಿಯವನು ಅದಕ್ಕೂ ನನ್ನಿಂದ ಕಾಸು ತೆಗೆದುಕೊಂಡ. ಕೊಟ್ಟೆ.

ವರ್ಷವೊಂದರ ಬಳಿಕ ಪ್ರಾಧ್ಯಾಪಕರು ಮತ್ತೆ ಬರೆದರು. ಸಂಗ್ರಹದಲ್ಲಿ ಕನ್ನಡದ ಜಾಗ ಇನ್ನೂ ಖಾಲಿ ಇದೆ, ನಿಯಮ ಒಪ್ಪಿ ಪಾಠ ಕೊಡುತ್ತೀರಾ ಎಂದು ಕೇಳಿದ್ದರು. ಎರಡು ಕೈ ಸೇರಿದ ಹೊಸ ಪ್ರತಿಯನ್ನೇ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಜೊತೆಗೆ ಬರೆದೆ: ಧಾರಾಳವಾಗಿ ತೆಗೆದುಕೊಳ್ಳಿ, ಇದು ಈಗ ನನ್ನೊಬ್ಬಳದಲ್ಲ. ಮೊದಲ ಪುಟದ ದಪ್ಪ ಅಕ್ಷರದ ಸಾಲನ್ನು ಮಾತ್ರ ಅಳಿಸಬೇಡಿ.

ಅವರು ತೆಗೆದುಕೊಳ್ಳಲಿಲ್ಲ. ನಾನು ಆ ಸಾಲು ಅಳಿಸಲಿಲ್ಲ.