ಹೆಚ್ಚು ಡೌನ್‌ಲೋಡ್ ಆದ ಟೂಲು

ಸ್ನೇಹಿತರೇ, ಚೆನ್ನೈನ ವಡಪಳನಿಯಲ್ಲಿರುವ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಇವತ್ತು ಮತ ಎಣಿಕೆ. ರಾಶಿ ಫೈಲುಗಳ ಹೆಸರನ್ನು ಒಮ್ಮೆಗೇ ಬದಲಿಸಲು ರಘು ಒಂದು ಟೂಲು ಬರೆದಿದ್ದಾನೆ, ಸುಧಾ ಇನ್ನೊಂದು. ಹೆಚ್ಚು ಡೌನ್‌ಲೋಡ್ ಆದದ್ದು ಸರ್ವರಿನಲ್ಲಿ ಉಳಿಯುತ್ತದೆ, ಇನ್ನೊಂದನ್ನು ಅಳಿಸುತ್ತೇನೆ ಎಂದಿದ್ದೆ. ರಘುವಿನದು ಎಷ್ಟೋ ಮುಂದಿತ್ತು.

“ನೋಡಿದ್ರಾ ಸಾರ್, ಜನ ನನ್ ಕಡೆ!” ಎಂದ.

“ಪೋಪ್ಪಾ, ಹೋಗಯ್ಯಾ! ನಿಂದು ದಿನಾ ಕೆಟ್ಟೋಗತ್ತೆ, ಅದಕ್ಕೇ ದಿನಾ ಹೊಸದಾಗಿ ಇಳಿಸ್ಕೋತಾರೆ. ನಂದು ಒಂದ್ಸಲ ಇಳಿಸಿದ್ರೆ ಮುಗೀತು” ಎಂದಳು ಸುಧಾ.

ನಾನು ಎದ್ದುಹೋಗಿ ರಘುವಿನ ಕಂಪ್ಯೂಟರ್ ನೋಡಿದೆ. ಅವನು ಬಳಸುತ್ತಿದ್ದದ್ದು ಸುಧಾಳ ಟೂಲನ್ನೇ.

“ಈಗ ಯಾವುದನ್ನ ಅಳಿಸ್ಲಪ್ಪ?”

“ನಂದೇ ಅಳ್ಸಿಬಿಡಿ ಸಾರ್. ಅವಳದು ಹೋದ್ರೆ ನನ್ ಕೆಲ್ಸ ನಿಂತೋಗತ್ತೆ.”

ಗೆದ್ದ ಅಭ್ಯರ್ಥಿಯೇ ಸೋತವರಿಗೆ ಓಟು ಹಾಕಿದ್ದನ್ನು ಇವತ್ತೇ ಕಂಡದ್ದು.