ಕೊಸರಿಗೆ ಹೋದ ಮೊಹೆಂಗ್

ಮೊಹೆಂಗ್ ಐಸ್ ಫ್ಯಾಕ್ಟರಿಯ ಲಾರಿ ಓಡಿಸುತ್ತಿದ್ದ. ಇಪ್ಪತ್ತಾರು ವರ್ಷ, ಬೆಳಿಗ್ಗೆ ಐದೂಕಾಲಿಗೆ, ನನ್ನ ಮೀನಿನ ಕಟ್ಟೆಗೆ ಎರಡು ಐಸ್ ಗಡ್ಡೆ ಇಳಿಸಿದವನು. ಐದೂವರೆ ಮಾಡಿದ್ದು ನಾಲ್ಕೇ ಸಲ. ಹಡಗು ಹತ್ತಿದರೆ ವಾಂತಿ, ಹಾಗಾಗಿ ನಮ್ಮ ದ್ವೀಪ ಬಿಟ್ಟು ಎಲ್ಲಿಗೂ ಹೋದವನಲ್ಲ. ವಯಸ್ಸು ಐವತ್ತೆಂಟು, ಎತ್ತರ ಐದಡಿ ಎರಡಂಗುಲ. ಅಂಥವನು ಬಾಸ್ಕೆಟ್‌ಬಾಲ್ ಆಟಗಾರನಾದ.

ಫ್ಯಾಕ್ಟರಿಯವರದ್ದೇ ಒಂದು ಟೀಮು, ಸಂಬಳ ಕೊಟ್ಟು ಆಡಿಸುವುದು. ಸೀಸನ್ನಿನ ಮೊದಲ ದಿನ ಹನ್ನೆರಡು ಹೆಸರು ಬರೆದು ಕೊಡಬೇಕಿತ್ತು. ಒಬ್ಬ ಹುಡುಗ ಡೆಂಗಿ ಜ್ವರದಲ್ಲಿ ಮಲಗಿದ್ದ. ಮ್ಯಾನೇಜರ್ ವಿಲ್ಯಾಸಿಸ್ ಕಿಟಕಿಯಿಂದ ನೋಡಿದರು, ಮೊಹೆಂಗ್ ಲಾರಿ ತೊಳೆಯುತ್ತಿದ್ದ. ಅವನ ಹೆಸರು ಬರೆದೇಬಿಟ್ಟರು. ಸಂಬಳ ಹನ್ನೊಂದು ಸಾವಿರ ಪೆಸೊ, ಡ್ರೈವರ್ ಕೆಲಸಕ್ಕೆ ಕೊಡುತ್ತಿದ್ದಷ್ಟೇ. ಮೊದಲ ಪಾಯಿಂಟ್ ಹಾಕಿದ ದಿನವೇ ಐನೂರು ಏರಿಸಬೇಕು ಅಂತ ಎಲ್ಲ ಆಟಗಾರರ ಕರಾರು ಕಾಗದದಲ್ಲೂ ಇರುತ್ತದೆ, ಅವನ ಕಾಗದದಲ್ಲೂ ಇತ್ತು. ಅದನ್ನು ಓದಿ ಎಲ್ಲರೂ ನಕ್ಕಿದ್ದರು.

ಕಂಪನಿಗಳ ಟೀಮುಗಳೇ ಆಡುವ ಆ ಲೀಗಿನಲ್ಲಿ ಒಂದು ಟೀಮಿನ ಸಂಬಳವೆಲ್ಲ ಸೇರಿ ತಿಂಗಳಿಗೆ ಆರು ಲಕ್ಷ ದಾಟುವಂತಿಲ್ಲ. ಎಲ್ಲರೂ ಅಂಚಿನವರೆಗೆ ತುಂಬಿಸಿಕೊಂಡು ಕೂತಿದ್ದರು. ಹಾಗಾಗಿ ಆಟಗಾರರನ್ನು ಅದಲು ಬದಲು ಮಾಡುವಾಗ ಎರಡು ಕಡೆಯ ಸಂಬಳ ಪೆಸೊಗೆ ಪೆಸೊ ಸಮ ಬರಬೇಕು. ವಿಲ್ಯಾಸಿಸ್‌ಗೆ ಸೋಯಾ ಸಾಸ್ ಕಂಪನಿಯ ಒಬ್ಬ ಉದ್ದನೆಯವನ ಮೇಲೆ ಕಣ್ಣಿತ್ತು. ಅವನಿಗೆ ತೊಂಬತ್ತೈದು ಸಾವಿರ. ಬದಲಿಗೆ ಕೊಡಲು ನಮ್ಮಲ್ಲಿದ್ದವನಿಗೆ ಎಂಬತ್ತನಾಲ್ಕು, ಹನ್ನೊಂದು ಕಮ್ಮಿ.

ಅದೇ ಚಿಂತೆಯಲ್ಲಿ ಅವರು ನನ್ನ ಹತ್ತಿರ ಸಿಗಡಿ ಕೊಳ್ಳಲು ಬಂದರು. ನಾನು ಒಂದು ಕಿಲೊ ತೂಗಿ, ಮೇಲೊಂದು ಹಿಡಿ ಕೊಸರು ಹಾಕಿದೆ. ಅವರು ಕೊಸರನ್ನೇ ನೋಡುತ್ತ ನಿಂತರು.

"ಸಿಕ್ತು, ನಾಂಗ್ ಓಸ್ಯಾಂಗ್!" ಅಂದರು. ನಾಂಗ್ ಅಂದರೆ ಅಕ್ಕ, ನನ್ನನ್ನು ಊರೆಲ್ಲ ಹಾಗೇ ಕರೆಯುವುದು. ಸಿಗಡಿ ಬಿಟ್ಟೇ ಓಡಿದರು. ಅದಕ್ಕೇ ಹೇಳುತ್ತೇನೆ, ಆ ಪಾಪದಲ್ಲಿ ನನ್ನ ಪಾಲೂ ಇದೆ.

ಮೊಹೆಂಗ್ ಕೊಸರಾಗಿ ಸೋಯಾ ಸಾಸಿಗೆ ಹೋದ, ಹಡಗಿನಲ್ಲಿ, ಬಕೆಟ್ ಹಿಡಿದುಕೊಂಡು. ತಿಂಗಳಿಗೆ ಟೈರ್ ಕಂಪನಿಗೆ, ಇನ್ನೊಂದು ಹಡಗು. ಅಲ್ಲಿಂದ ಚಪ್ಪಲಿ ಕಂಪನಿಗೆ. ಯಾರ ಲೆಕ್ಕದಲ್ಲಿ ಹನ್ನೊಂದು ಸಾವಿರ ಕಮ್ಮಿ ಬಿದ್ದರೂ ಮೊಹೆಂಗನನ್ನು ಇಡುವುದು, ತಕ್ಕಡಿಗೆ ಚಿಕ್ಕ ಕಲ್ಲು ಇಟ್ಟ ಹಾಗೆ. ಮಧ್ಯೆ ಬಿಟ್ಟು ಬಂದರೆ ದಂಡ. ಒಂದು ನಿಮಿಷವೂ ಆಡದ ಅವನನ್ನು ರೇಡಿಯೊದವರು "ಈ ವರ್ಷ ಎಲ್ಲರಿಗೂ ಬೇಕಾದ ಆಟಗಾರ" ಅಂದರು.

ಅವನ ಹೆಂಡತಿ ಲುಡಿ ವಿಲ್ಯಾಸಿಸ್ ಹತ್ತಿರ ಹೋಗಿ ಬೇಡಿದಳು.

"ಅವನನ್ನ ವಾಪಸ್ ಕೊಡೋಕೆ ಇಬ್ಬರು ಒಳ್ಳೆ ಆಟಗಾರರನ್ನ ಕೇಳ್ತಿದಾರಮ್ಮ. ಅಷ್ಟು ಬೆಲೆ ಬಂದಿದೆ ಅವನಿಗೆ."

"ಮೂವತ್ತು ವರ್ಷ ಸಂಸಾರ ಮಾಡಿದೀನಿ ಸರ್, ನನ್ನ ಕಣ್ಣಿಗೆ ಅಷ್ಟು ಬೆಲೆ ಕಾಣಲೇ ಇಲ್ವಲ್ಲ!"

ಅಲ್ಲಿಂದ ಸೀದಾ ನನ್ನ ಕಟ್ಟೆಗೆ ಬಂದು ಕೂತಳು. ನಾನು ಬುಟ್ಟಿಗೆ ಸಿಗಡಿ ತುಂಬುತ್ತಿದ್ದೆ. ಕಂಠಮಟ್ಟ ತುಂಬಿತ್ತು. ಇನ್ನೊಂದು ಇಟ್ಟೆ, ಒಂದು ಕೆಳಗೆ ಬಿತ್ತು. ಲುಡಿ ಬಿದ್ದ ಸಿಗಡಿಯನ್ನು ಎತ್ತಿಕೊಂಡು ನೋಡಿದಳು, ಕೂಡಲೇ ಗಂಡನಿಗೆ ಫೋನ್ ಮಾಡಿದಳು.

"ಏನ್ರೀ, ಒಂದೇ ಒಂದು ಪಾಯಿಂಟ್ ಹಾಕಿ. ಐನೂರು ಏರುತ್ತೆ. ಅವರ ಲೆಕ್ಕ ಅಂಚಿನವರೆಗೆ ತುಂಬಿದೆ, ನಿಮ್ಮನ್ನ ಕೆಳಗೆ ಬೀಳಿಸಲೇಬೇಕು."

"ನಾನು ಹುಟ್ಟಿದಾಗಿಂದ ಬುಟ್ಟಿಗೆ ಚೆಂಡು ಹಾಕಿದವನಲ್ಲ ಕಣೇ."

"ಐಸ್ ಹಾಕಿಲ್ವಾ? ಹಾಗೇ ಹಾಕಿ."

ಮೂರು ವಾರ ಕಾದೆವು. ಒಂದು ಭಾನುವಾರ ಮಧ್ಯಾಹ್ನ ಚಪ್ಪಲಿ ಕಂಪನಿ ನಲವತ್ತೊಂದು ಪಾಯಿಂಟ್ ಹಿಂದೆ ಬಿತ್ತು. ಇಬ್ಬರಿಗೆ ಕಾಲು ಉಳುಕಿತು, ಐವರು ತಪ್ಪಾಟ ಮಾಡಿ ಹೊರಬಿದ್ದರು, ಆಡಲು ಉಳಿದವರು ನಾಲ್ಕೇ ಜನ. ಮೊಹೆಂಗನನ್ನು ಇಳಿಸಲೇಬೇಕಾಯಿತು. ಎದುರಾಳಿಯವನೊಬ್ಬ ನೋಡದೆ ಗುದ್ದಿ ಇವನನ್ನು ಕೆಡವಿದ. ಆ ತಪ್ಪಿಗೆ ಇವನಿಗೆ ಗೆರೆಯ ಮೇಲೆ ನಿಂತು ಎರಡು ಎಸೆತ, ಅಡ್ಡ ಬರುವವರಿಲ್ಲ.

ಕಟ್ಟೆಯ ಮೇಲಿನ ರೇಡಿಯೊದಲ್ಲಿ ಗದ್ದಲ ಕೇಳಿಸಿತು. ಇವನ ಕೋಚೇ ಕೂಗುತ್ತಿದ್ದ, "ಹಾಕ್ಬೇಡ ಮೊಹೆಂಗ್! ನಮ್ಮ ಲೆಕ್ಕ ಕೆಡುತ್ತೆ!" ಎದುರಿನ ಟೀಮಿನ ಮ್ಯಾನೇಜರೂ ಎದ್ದು ನಿಂತು, "ಬೇಡಪ್ಪಾ, ಮುಂದಿನ ವಾರ ನೀನು ನಮಗೆ ಬೇಕು!" ಅನ್ನುತ್ತಿದ್ದ. ಚೆಂಡು ಒಳಗೆ ಹೋಗಬಾರದೆಂದು ಎರಡು ಕಡೆಯವರೂ ಒಟ್ಟಿಗೆ ಬೇಡಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೊದಲನೆಯದು ಬುಟ್ಟಿಯ ಹತ್ತಿರಕ್ಕೂ ಹೋಗಲಿಲ್ಲ. ಲುಡಿ ನನ್ನ ಕೈ ಹಿಡಿದಳು, ಮೀನಿನ ಕೈ ಅಂತಲೂ ನೋಡಲಿಲ್ಲ. ಎರಡನೆಯದಕ್ಕೆ ಅವನು ಕಾಲು ಅಗಲಿಸಿ, ಬಗ್ಗಿ, ಮೊಣಕಾಲಿನ ನಡುವಿನಿಂದ ಚೆಂಡನ್ನು ಬೀಸಿ ಎತ್ತಿದನಂತೆ, ಲಾರಿಗೆ ಗಡ್ಡೆ ಎತ್ತಿದ ಹಾಗೆ.

ಬಿತ್ತು.

ಚಪ್ಪಲಿ ಕಂಪನಿಯ ಲೆಕ್ಕ ಆರು ಲಕ್ಷದ ಐನೂರಾಯಿತು. ಮಾರನೇ ದಿನವೇ ಅವನ ಹೆಸರು ಹೊಡೆದು ಹಾಕಿದರು. ದಂಡವೂ ಇಲ್ಲ. ಮೂರು ಹಡಗು ಬದಲಿಸಿ, ವಾಂತಿ ಮಾಡಿ ಮಾಡಿ ಬಾಳೆಕಾಯಿಯ ಹಾಗೆ ಹಸಿರಾಗಿ ಬಂದಿಳಿದ.

ವಿಲ್ಯಾಸಿಸ್ ಹೊಸ ಕಾಗದ ಹಿಡಿದು ಹಡಗುಕಟ್ಟೆಯಲ್ಲೇ ನಿಂತಿದ್ದರು. "ಸಹಿ ಹಾಕು ಮೊಹೆಂಗ್, ಐನೂರಕ್ಕೆ ಹೇಗೋ ಜಾಗ ಮಾಡ್ತೀನಿ."

"ಪೆನ್ನು ಬೇಡ ಸರ್. ಲಾರಿ ಕೀಲಿ ಕೊಡಿ."

ಹೊಸ ಡ್ರೈವರ್ ಆಗಲೇ ಎರಡು ಕ್ಲಚ್ ಸುಟ್ಟಿದ್ದ. ಕೀಲಿ ಕೊಟ್ಟರು.

ಮರುದಿನ ಐದೂಕಾಲಿಗೆ ಎರಡು ಗಡ್ಡೆ ಇಳಿಸಿ, ಮನೆಗೆ ಅರ್ಧ ಕಿಲೊ ಸಿಗಡಿ ಕೇಳಿದ. ತೂಗಿ ಕೊಟ್ಟೆ, ಅಭ್ಯಾಸಬಲದಿಂದ ಮೇಲೊಂದು ಹಿಡಿ ಹಾಕಿದೆ. ಅವನು ಆ ಹಿಡಿಯನ್ನು ಎತ್ತಿ ತಕ್ಕಡಿಗೆ ಹಾಕಿದ.

"ಇದನ್ನೂ ತೂಗಿ, ನಾಂಗ್."

ಅರವತ್ತು ಗ್ರಾಂ ಇತ್ತು. ದುಡ್ಡು ಎಣಿಸಿ ಕೊಟ್ಟು ಹೋದ.