ಸವಾನಾದ ಬೊಂಡದವನಿಗೆ ಒಂದು ಪೊಟ್ಟಣ

ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಹೊರಗೆ ಒಂದರೊಳಗೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳೆಯ ಪೇಪರು, ಮುಚ್ಚಳದ ಸುತ್ತ ಕಂದು ಬಣ್ಣದ ಟೇಪು. ಎಣ್ಣೆ ಸೋರಿ ಪೆಟ್ಟಿಗೆಯೊಳಗಿನ ಬಟ್ಟೆಯೆಲ್ಲ ಹಾಳಾದ ಅನುಭವ ಇದ್ದವರು ಮಾತ್ರ ಹೀಗೆ ಕಟ್ಟುತ್ತಾರೆ. ಕೊನೆಗೆ ಚಾಕುವಿನ ತುದಿ ಹಾಕಿ ಎಬ್ಬಿಸಿದೆ. ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಬಡಿಯಿತು, ಅದರ ಬೆನ್ನಿಗೇ ಹಸಿ ಮಾವಿನಕಾಯಿಯ ಹುಳಿ. ಕಣ್ಣು ಮುಚ್ಚಿಕೊಂಡರೆ ನಮ್ಮ ಕಡೆಯ ಉಪ್ಪಿನಕಾಯಿಯ ಹತ್ತಿರದ ಸಂಬಂಧಿ ಅನ್ನಬೇಕು, ಅಷ್ಟೆ. ನಾವು ಮಾವಿನಕಾಯಿಯನ್ನು ಹೋಳು ಮಾಡುತ್ತೇವೆ, ಇವರು ತುರಿದಿದ್ದಾರೆ. ಇದರ ಹೆಸರು ಕುಚೇಲಾ. ನಗಬೇಡಿ, ಅವರ ಊರಿನಲ್ಲಿ ಅದೇ ಹೆಸರು.

ಅವರ ಊರು ಎಂದರೆ ಪೋರ್ಟ್ ಆಫ್ ಸ್ಪೇನ್, ಟ್ರಿನಿಡಾಡ್ ದ್ವೀಪದ ರಾಜಧಾನಿ. ನಾನು ಆ ಊರನ್ನು ನೋಡಿದವಳಲ್ಲ. ದುಬೈಯ ಅಲ್ ನಹ್ದಾದ ಈ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತಿದ್ದೇನೆ, ಒಲೆಯ ಮೇಲೆ ಚಹಾ ಇಟ್ಟಿದ್ದೇನೆ, ಬಾಟಲಿ ತಂದುಕೊಟ್ಟ ಹುಡುಗಿ ಹಾಲ್‌ನಲ್ಲಿ ಕೂತಿದ್ದಾಳೆ. ಮನೆಗೆ ಬಂದವಳನ್ನು ಅಲ್ಲಿ ಕೂರಿಸಿ ಇಲ್ಲಿ ಉಪ್ಪಿನಕಾಯಿ ಮೂಸುತ್ತಾ ನಿಲ್ಲುವುದು ಮರ್ಯಾದೆಯಲ್ಲ, ಗೊತ್ತು. ಆದರೆ ಮೂಗಿಗೆ ಮರ್ಯಾದೆ ಹೇಳಿಕೊಡುವುದು ಹೇಗೆ? ಅದು ನನ್ನನ್ನು ನೇರ ಮಿಸ್ ಎನಿಡ್ ಅವರ ಬಾಗಿಲಿಗೆ ಕರೆದುಕೊಂಡು ಹೋಯಿತು.

ಮಿಸ್ ಎನಿಡ್ ನಮ್ಮ ಎದುರು ಬಾಗಿಲಿನವರು. ಇಲ್ಲಿನ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಎತ್ತರದ ಹೆಂಗಸು, ನಕ್ಕರೆ ಲಿಫ್ಟಿನವರೆಗೆ ಕೇಳಿಸುತ್ತಿತ್ತು. ನನ್ನ ಇಂಗ್ಲಿಷು ಉಡುಪಿಯದು, ಅವರದು ಹಾಡಿನ ಹಾಗೆ ಏರಿ ಇಳಿಯುವಂಥದು. ಮೊದಲ ಕೆಲವು ತಿಂಗಳು ಒಬ್ಬರಿಗೊಬ್ಬರು ತಲೆಯಾಡಿಸಿದ್ದೇ ಹೆಚ್ಚು. ಇಲ್ಲಿ ಅವರ ಮಾತನ್ನೆಲ್ಲ ನನ್ನ ಭಾಷೆಗೆ ಎಳೆದುಕೊಂಡು ಬರೆಯುತ್ತಿದ್ದೇನೆ, ಅವರು ಓದಲಾರರು ಎಂಬ ಧೈರ್ಯದಿಂದ.

ಹೊಸದರಲ್ಲಿ ನಾನು ಅವರಿಗೆ ಕೇಳಿದ್ದು, ಇಲ್ಲಿ ನಾವು ಎಲ್ಲರಿಗೂ ಕೇಳುವ ಮಾತನ್ನೇ. "ಊರಿಗೆ ಯಾವಾಗ?" ಗಲ್ಫಿನಲ್ಲಿ ಇದು ಪ್ರಶ್ನೆಯಲ್ಲ, ಕುಶಲೋಪರಿ. ಲಿಫ್ಟಿನಲ್ಲಿ, ಮೀನಿನ ಅಂಗಡಿಯಲ್ಲಿ, ಮಕ್ಕಳ ಬರ್ತ್‌ಡೇ ಪಾರ್ಟಿಯಲ್ಲಿ, ಎಲ್ಲಿ ಸಿಕ್ಕಿದರೂ ಊರಿಗೆ ಯಾವಾಗ ಎಂದೇ ಮಾತು ಶುರು. ಉತ್ತರವೂ ಸಿದ್ಧವಿರುತ್ತದೆ. "ಈ ವರ್ಷ ಆಗ್ಲಿಲ್ಲ, ಬರುವ ವರ್ಷ ಖಂಡಿತ." ಮಿಸ್ ಎನಿಡ್ ಕೂಡ ಅದನ್ನೇ ಹೇಳಿದರು. ಹೇಳಿ ಬೀಗದ ಕೈ ಹುಡುಕುವವರ ಹಾಗೆ ಬ್ಯಾಗಿನೊಳಗೆ ಮುಖ ಹಾಕಿದರು. ನಾನು ಮಾತು ಬಲ್ಲವಳೆಂಬ ಹೆಮ್ಮೆಯಲ್ಲಿ ಮರುವರ್ಷವೂ ಕೇಳಿದೆ, ಅದರ ಮರುವರ್ಷವೂ.

ನಮ್ಮಿಬ್ಬರನ್ನು ನಿಜವಾಗಿ ಹತ್ತಿರ ತಂದದ್ದು ನನ್ನ ಸಕ್ಕರೆ ಕಾಯಿಲೆ. ಡಾಕ್ಟರು ನಡೆಯಿರಿ ಎಂದರು. ನಮ್ಮ ಮನೆಯ ಹಿಂದೆ ಕೊಳದ ಪಾರ್ಕ್ ಇದೆ, ರಸ್ತೆ ದಾಟಿದರೆ ಶಾರ್ಜಾ. ಸಂಜೆ ಒಬ್ಬಳೇ ಹೊರಟವಳಿಗೆ ಮಿಸ್ ಎನಿಡ್ ಜೊತೆಯಾದರು. ಮೊದಲ ಸುತ್ತಿನಲ್ಲೇ ಹೇಳಿದರು, "ಇದನ್ನು ಸವಾನಾ ಅಂದುಕೋ. ನಮ್ಮ ಊರಿನ ನಡುವೆ ಇರುವ ದೊಡ್ಡ ಮೈದಾನ. ಊರಿನವರೆಲ್ಲ ಅದರ ಸುತ್ತ ನಡೆಯುತ್ತಾರೆ. ನಡೆಯದೆ ಇದ್ದವರು ಅಲ್ಲಿ ನಿಂತು ನಡೆಯುವವರ ಬಗ್ಗೆ ಮಾತಾಡುತ್ತಾರೆ."

ಅಂದಿನಿಂದ ಕೊಳವು ಸವಾನಾ ಆಯಿತು. ಪಶ್ಚಿಮದ ಬದಿಯ ಜೋಕಾಲಿ, ಜಾರುಬಂಡೆಗಳೆಲ್ಲ ಅಲ್ಲಿ ಸಾಲಾಗಿ ನಿಂತಿರುವ ಏಳು ಭಾರೀ ಮನೆಗಳು, ಹಿಂದಿನ ಕಾಲದ ಸಾಹುಕಾರರು ಒಬ್ಬರ ಮೇಲೊಬ್ಬರು ಪಂಥಕ್ಕೆ ಬಿದ್ದು ಕಟ್ಟಿಸಿದವು, ಒಂದರ ಹಾಗೆ ಇನ್ನೊಂದಿಲ್ಲ. ಶೌಚಾಲಯದ ಕಟ್ಟಡ ಅಧ್ಯಕ್ಷರ ಬಂಗಲೆ. ಇದಕ್ಕೆ ಇಬ್ಬರೂ ನಕ್ಕು ನಕ್ಕು ಬೆಂಚಿನ ಮೇಲೆ ಕೂರಬೇಕಾಯಿತು. ಪೂರ್ವಕ್ಕೆ ಇಸ್ತ್ರಿ ಅಂಗಡಿಯ ಓಣಿ ಇದೆಯಲ್ಲ, ಅದು ಬೆಲ್ಮಾಂಟ್, ಅವರು ಹುಟ್ಟಿ ಬೆಳೆದ ಪೇಟೆ. ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕಾದವರು ನೆಲೆ ನಿಂತ ಜಾಗ, ಕಿರಿದಾದ ಓಣಿಗಳು, ಸೂರಿನ ಅಂಚಿಗೆ ಕಸೂತಿಯಂತೆ ಕೊರೆದ ಮರದ ಹಲಗೆಗಳ ಪುಟ್ಟ ಮನೆಗಳು. ಅವರ ತಾಯಿ ಅಲ್ಲಿ ಹೊಲಿಗೆ ಮಾಡುತ್ತಿದ್ದರಂತೆ. ಎತ್ತರದ ಟವರುಗಳ ದಿಕ್ಕು ಲಾವೆಂಟೀಲ್ ಗುಡ್ಡ. ಅಲ್ಲಿಯ ಹುಡುಗರು ಎಣ್ಣೆಯ ಡ್ರಮ್ಮನ್ನು ಬಡಿದು ಬಡಿದು ಅದರಿಂದ ಸ್ವರ ಹೊರಡಿಸಿದರು. "ಡ್ರಮ್ಮಿನಲ್ಲಿ ನೀವು ನೀರು ತುಂಬಿಸ್ತೀರಿ, ನಾವು ಸಂಗೀತ ತುಂಬಿಸಿದೆವು," ಎಂದು ಮಿಸ್ ಎನಿಡ್ ಹೇಳುವಾಗ ಕತ್ತು ಸ್ವಲ್ಪ ಉದ್ದವಾಗುತ್ತಿತ್ತು.

ಚರಿತ್ರೆಯನ್ನೂ ನಡೆಯುತ್ತಲೇ ಕಲಿತೆ. ಮೊದಲು ಸ್ಪೇನಿನವರು, ಆಮೇಲೆ ಗುಲಾಮರನ್ನು ಕರೆತಂದ ಫ್ರೆಂಚ್ ತೋಟದವರು, ಆಮೇಲೆ ಇಂಗ್ಲಿಷರು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ಗದ್ದೆಗೆ ಆಳು ಬೇಕಾಗಿ ನಮ್ಮ ದೇಶದಿಂದ ಹಡಗು ತುಂಬ ಜನ. ಊರಿನ ಪಶ್ಚಿಮಕ್ಕೆ ಸೇಂಟ್ ಜೇಮ್ಸ್ ಎಂಬ ಪೇಟೆ, ಅಲ್ಲಿ ಡೆಲ್ಲಿ ಬೀದಿ, ಬಾಂಬೆ ಬೀದಿ, ಮದ್ರಾಸ್ ಬೀದಿ ಎಂದೆಲ್ಲ ಉಂಟಂತೆ. ಮಂಗಳೂರು ಬೀದಿ ಇಲ್ಲವಾ ಎಂದು ಕೇಳಿದೆ. ಇಲ್ಲವಂತೆ. ಆ ದಿನ ನನಗೆ ಸಣ್ಣ ಬೇಸರವಾದದ್ದು ಸುಳ್ಳಲ್ಲ.

ನನ್ನ ಗಂಡ ಕೆಲಸಕ್ಕೆ ಹೋಗುವುದು ಜುಮೇರಾ ಲೇಕ್ ಟವರ್ಸ್‌ಗೆ. ಇಷ್ಟು ವರ್ಷವಾದರೂ ಮೆಟ್ರೋದಲ್ಲಿ ಅಲ್ಲಿಗೆ ಒಬ್ಬಳೇ ಹೋಗು ಎಂದರೆ ನನಗೆ ಆಗದು. ಪೋರ್ಟ್ ಆಫ್ ಸ್ಪೇನಿನಲ್ಲಿ ಮಾತ್ರ ನನ್ನನ್ನು ಎಲ್ಲಿ ಬಿಟ್ಟರೂ ಬೆಲ್ಮಾಂಟಿಗೆ ದಾರಿ ಹುಡುಕಿಕೊಂಡೇನು. ಇವರಿಗೆ ಹೇಳಿದರೆ, "ಅದು ವೆಸ್ಟ್ ಇಂಡೀಸ್ ಮಾರಾಯ್ತಿ, ಅಲ್ಲಿ ಕ್ರಿಕೆಟ್ ಗ್ರೌಂಡ್ ಉಂಟು. ನಿನಗೆ ಅದೊಂದು ಬಿಟ್ಟು ಬಾಕಿ ಎಲ್ಲ ಗೊತ್ತುಂಟು," ಎಂದರು.

ಸುತ್ತಿನ ಕೊನೆಗೆ, ಪಾರ್ಕಿನ ಗೇಟಿನ ಬಳಿ, ಬೂದ್ರಾಮನ ಬೊಂಡದ ಲಾರಿ. ಅಂದರೆ ಇಲ್ಲಿ ಒಂದು ಕಸದ ತೊಟ್ಟಿ. ಸವಾನಾದ ಅಂಚಿಗೆ ಲಾರಿ ನಿಲ್ಲಿಸಿ ಬೂದ್ರಾಮ ಬೊಂಡ, ಅಂದರೆ ಎಳನೀರು, ಮಾರುತ್ತಿದ್ದನಂತೆ. ಮಿಸ್ ಎನಿಡ್ ಹುಡುಗಿಯಾಗಿದ್ದಾಗ ಅವನೂ ಹುಡುಗ, ಅಪ್ಪನ ಲಾರಿ. ನೀರು ಕುಡಿದ ಮೇಲೆ ಕಾಯಿಯನ್ನು ಸೀಳಿ, ಸಿಪ್ಪೆಯ ಚೂರನ್ನೇ ಚಮಚ ಮಾಡಿ ಕೊಡುತ್ತಿದ್ದನಂತೆ, ಒಳಗಿನ ಗಂಜಿ ತಿನ್ನಲು. "ನಮ್ಮಲ್ಲೂ ಹಾಗೇ," ಎಂದೆ. ಉಡುಪಿಯ ಬೊಂಡದ ಗಾಡಿಯವನನ್ನೂ ಆ ಬೂದ್ರಾಮನನ್ನೂ ನಾನು ಅಂದಿನಿಂದ ಒಂದೇ ಮುಖದವರೆಂದು ಕಲ್ಪಿಸಿಕೊಂಡಿದ್ದೇನೆ.

ಹೀಗಿರುವಾಗ ಮಿಸ್ ಎನಿಡ್ ಅವರಿಗೆ ವಯಸ್ಸಾಯಿತು, ಶಾಲೆ ಬಿಡಬೇಕಾಯಿತು. ಕೆಲಸ ಹೋದರೆ ವೀಸಾ ಕ್ಯಾನ್ಸಲ್, ಖಲಾಸ್. ಸುದ್ದಿ ಕೇಳಿ ನಾನು ಮಾಡಿದ ಮೊದಲ ಕೆಲಸ ಸಂತೋಷಪಡುವುದು. "ಅಂತೂ ಊರಿಗೆ," ಎಂದೆ. ಅವರು ಬೆಂಚಿನ ಮೇಲೆ ಕೂತರು. ಅಂದು ಅವರು ಹೇಳಿದ್ದನ್ನು ನಾನು ಮರೆತಿಲ್ಲ. "ಯಾವ ಊರು? ಅಮ್ಮ ಹೋದರು. ತಂಗಿ ಟೊರೊಂಟೊದಲ್ಲಿ. ಮನೆ ಯಾರದ್ದೋ ಆಯಿತು, ನಾನು ಒಂದು ಬಾಡಿಗೆ ಕೋಣೆ ನೋಡಿಕೊಂಡಿದ್ದೇನೆ. ಅಲ್ಲಿ ನನ್ನನ್ನು ಕಂಡು 'ಎನಿಡ್' ಅಂತ ಕರೆಯುವವರು ಒಬ್ಬರೂ ಇಲ್ಲ. ಊರು ನೋಡಲು ಬಂದವರ ಹಾಗೆ ನಾನು ಕೈಯಲ್ಲಿ ಮ್ಯಾಪ್ ಹಿಡಿದುಕೊಂಡು ನಿಲ್ಲಬೇಕು. ಭಯ ಆಗುತ್ತದೆ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ. ನಮ್ಮ ಮುಂದೆ ಯಾರದೋ ಮಗು ಬಾತುಕೋಳಿಗೆ ಚಿಪ್ಸ್ ಎಸೆಯುತ್ತಿತ್ತು.

ಇನ್ನು ಪೊಟ್ಟಣದ ವಿಷಯ. ಇಲ್ಲಿ ಯಾರಾದರೂ ಊರಿಗೆ ಹೊರಟರೆಂದು ಗೊತ್ತಾದರೆ ಸಾಕು, ಕಟ್ಟಡದವರೆಲ್ಲ ಒಂದೊಂದು ಪೊಟ್ಟಣ ಹಿಡಿದುಕೊಂಡು ಬರುತ್ತಾರೆ. "ಬರೀ ಅರ್ಧ ಕೆಜಿ, ಅಕ್ಕನ ಮನೆಗೆ ಕೊಟ್ಟರಾಯಿತು." ಪೊಟ್ಟಣ ಬಿಚ್ಚಿ ಒಳಗೇನಿದೆ ಎಂದು ತೋರಿಸಿಯೇ ಕೊಡುವುದು ಪದ್ಧತಿ. ಒಯ್ದವರು ಅದನ್ನು ಮನೆ ಬಾಗಿಲಿಗೆ ಮುಟ್ಟಿಸಬೇಕು, ಕೂತು ಚಹಾ ಕುಡಿಯಬೇಕು, ಕೊಟ್ಟವರು ದಪ್ಪವಾಗಿದ್ದಾರಾ ಸಪೂರವಾಗಿದ್ದಾರಾ ಎಂದು ವರದಿ ಒಪ್ಪಿಸಬೇಕು. ನನ್ನ ಎಷ್ಟೋ ರಜೆಗಳು ಕುಂದಾಪುರದಿಂದ ಕಾರ್ಕಳದವರೆಗೆ ಯಾರ್ಯಾರದೋ ಖರ್ಜೂರ ಹಂಚುವುದರಲ್ಲೇ ಮುಗಿದಿವೆ. ನಾನು ಗೊಣಗದೆ ಹಂಚಿದ್ದು ಒಮ್ಮೆಯೂ ಇಲ್ಲ.

ಮಿಸ್ ಎನಿಡ್ ಹೊರಡುವ ಹಿಂದಿನ ದಿನ ನನ್ನ ಕೈಯೇ ಕಪಾಟು ತೆರೆಯಿತು. ಖರ್ಜೂರ, ಪಿಸ್ತಾ, ಹಾಲಿನ ಪುಡಿ, ಒಂದು ಡಬ್ಬಿ ನೋವಿನ ಮುಲಾಮು. ಮುಲಾಮಿಲ್ಲದಿದ್ದರೆ ಅದು ಗಲ್ಫಿನ ಪೊಟ್ಟಣವೇ ಅಲ್ಲ. ಕಟ್ಟಿ ಮುಗಿಸಿ ಎದುರು ಮನೆಗೆ ಹೊರಟಾಗ ಮಗಳು ಫೋನಿನಿಂದ ತಲೆಯೆತ್ತಿ, "ಅಮ್ಮಾ, ಹೂ ಈಸ್ ಇಟ್ ಫಾರ್?" ಎಂದಳು. ಹೌದಲ್ಲ. ಆ ಊರಿನಲ್ಲಿ ನನಗೆ ಯಾರಿದ್ದಾರೆ? ಊರಿಗೆ ಹೊರಟವರ ಮನೆಗೆ ಬರಿಗೈಯಲ್ಲಿ ಹೋಗಿ ಅಭ್ಯಾಸವಿಲ್ಲದ ಕಾರಣ ಕಟ್ಟಿದ್ದೆ, ಅಷ್ಟೆ.

ಮಿಸ್ ಎನಿಡ್ ಕೂಡ ಅದನ್ನೇ ಕೇಳಿದರು. ಕಟ್ಟಿದ್ದನ್ನು ವಾಪಸ್ ತರಲು ನಾಚಿಕೆಯಾಗಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಬೂದ್ರಾಮನಿಗೆ. ಸವಾನಾದ ಬೊಂಡದವನಿಗೆ. ಬರೀ ಅರ್ಧ ಕೆಜಿ." ಲಿಫ್ಟಿನವರೆಗೆ ಕೇಳುವ ನಗು ಅಂದು ಮತ್ತೊಮ್ಮೆ ಕೇಳಿಸಿತು. ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ. ತಮ್ಮದೇ ಚಪ್ಪಲಿ ಒಂದು ಜೊತೆ ಹೊರಗೆ ತೆಗೆದಿಟ್ಟು ಪೊಟ್ಟಣ ಒಳಗಿಟ್ಟರು.

ಹೋದ ಮೇಲೆ ಅವರ ಮಾತು ವಾಟ್ಸಾಪಿನಲ್ಲಿ ಬರತೊಡಗಿತು. ನಮ್ಮ ಸಂಜೆ ಅವರಿಗೆ ಬೆಳಿಗ್ಗೆ. ನಾನು ಕೊಳ ಸುತ್ತುತ್ತಾ ಕೇಳುತ್ತಿದ್ದೆ. ಸವಾನಾಕ್ಕೆ ಹೋದರೆ ಬೂದ್ರಾಮನ ಲಾರಿ ಇಲ್ಲ. ಬೇರೆಯವನು ನಿಂತಿದ್ದಾನೆ, ಅವನಿಗೆ ಬೂದ್ರಾಮ ಯಾರೆಂದೇ ಗೊತ್ತಿಲ್ಲ. ಮಿಸ್ ಎನಿಡ್ ಸ್ವರ ಬಿದ್ದುಹೋಗಿತ್ತು. "ಖರ್ಜೂರ ನೀವೇ ತಿನ್ನಿ, ಅದೊಂದು ತಮಾಷೆ," ಎಂದು ಕಳಿಸಿದೆ. ಮರುದಿನ ಉತ್ತರ ಬಂತು. "ಹೆಸರು ಹೇಳಿ ಕೊಟ್ಟ ಪೊಟ್ಟಣವನ್ನು ತಿನ್ನುತ್ತಾರಾ? ನಿಮ್ಮವರು ತಿಂತಾರಾ?"

ಆಮೇಲೆ ಅವರು ಹುಡುಕುತ್ತಾ ಹೊರಟರು. ಬೆಲ್ಮಾಂಟಿನ ಒಂದು ಅಂಗಡಿಯ ಮುದುಕಿ ಬೂದ್ರಾಮನ ಸುದ್ದಿ ತಿಳಿಯದು ಎಂದಳು, ಆದರೆ ಇವರ ಮೂಗು ನೋಡಿ, "ನೀನು ಹೊಲಿಗೆಯವಳ ಮಗಳಲ್ಲವಾ?" ಎಂದು ಕೇಳಿ ಒಳಗೆ ಕರೆದು ಕೂರಿಸಿದಳು. ವುಡ್‌ಫರ್ಡ್ ಚೌಕದಲ್ಲಿ ಮರದ ಕೆಳಗೆ ರಾಜಕೀಯ ಜಗಳವಾಡುವ ಗಂಡಸರು, ಜಗಳ ನಿಲ್ಲಿಸಿ, ಬೂದ್ರಾಮ ಯಾವ ಪೇಟೆಯಲ್ಲಿದ್ದಾನೆ ಎಂಬುದರ ಮೇಲೆ ಹೊಸ ಜಗಳ ಶುರು ಮಾಡಿದರು. ಮಾರ್ಕೆಟ್ಟಿನಲ್ಲಿ ಒಬ್ಬಳು ಹಳೆಯ ಸಹಪಾಠಿ ಸಿಕ್ಕಿದಳು. ಒಂದೊಂದು ಸಂದೇಶದಲ್ಲೂ ಅವರ ದನಿ ಸ್ವಲ್ಪ ಸ್ವಲ್ಪ ಮೇಲಕ್ಕೆ ಏರುತ್ತಿತ್ತು. ಹಿಂದಿನಿಂದ ಯಾರೋ ಮಾತಾಡುವುದು, ನಗುವುದು ಕೇಳಿಸುತ್ತಿತ್ತು. ನನಗೆ ಖುಷಿಯಾಗುತ್ತಿತ್ತು, ಜೊತೆಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಎದುರು ಬಾಗಿಲಿನಲ್ಲಿ ಈಗ ಬೇರೆ ಯಾರದೋ ಚಪ್ಪಲಿ. ಸವಾನಾ ಇಲ್ಲದ ಕೊಳದ ಸುತ್ತ ನಾನೊಬ್ಬಳೇ.

ಕೊನೆಗೆ ಬೂದ್ರಾಮ ಸಿಕ್ಕಿದ್ದು ಸೇಂಟ್ ಜೇಮ್ಸಿನ ಮದ್ರಾಸ್ ಬೀದಿಯಲ್ಲಿ, ಮಗಳ ಮನೆಯ ಜಗಲಿಯಲ್ಲಿ, ನೋಯುವ ಮಂಡಿ ಚಾಚಿಕೊಂಡು. ಮಿಸ್ ಎನಿಡ್ ಗೇಟಿನ ಹೊರಗೆ ನಿಂತು ಏನು ಹೇಳುವುದೆಂದು ತಡವರಿಸುತ್ತಿದ್ದರಂತೆ. ಅವನೇ ಕಣ್ಣು ಕಿರಿದು ಮಾಡಿ ನೋಡಿ, "ಬೆಲ್ಮಾಂಟಿನ ಎನಿಡ್ ಅಲ್ಲವಾ? ಯಾವಾಗಲೂ ಗಂಜಿ ಇರುವ ಬೊಂಡ ಬೇಕು ಅನ್ನುವವಳು?" ಎಂದನಂತೆ. ಇದನ್ನು ಹೇಳುವಾಗ ಮಿಸ್ ಎನಿಡ್ ಅತ್ತರು. ಕೇಳುವಾಗ ನಾನೂ ಅತ್ತೆ, ಅಧ್ಯಕ್ಷರ ಬಂಗಲೆಯ ಎದುರು ನಿಂತು.

ಅಯ್ಯೋ, ಚಹಾ ಉಕ್ಕಿತು. ಒಲೆ ಒರೆಸಿ, ಉಳಿದದ್ದನ್ನು ಸೋಸಿಕೊಂಡು ಹಾಲ್‌ಗೆ ಬಂದೆ. ಹುಡುಗಿ ಪೋರ್ಟ್ ಆಫ್ ಸ್ಪೇನಿನವಳು, ಇಲ್ಲಿ ಟೀಚರ್ ಆಗಿ ಈ ವಾರವಷ್ಟೇ ಬಂದಿದ್ದಾಳೆ. ಅವಳು ಹೊರಡುವ ಹಿಂದಿನ ದಿನ ಮಿಸ್ ಎನಿಡ್ ಬಾಟಲಿ ಹಿಡಿದುಕೊಂಡು ಅವಳ ಮನೆಗೆ ಹೋಗಿದ್ದರಂತೆ, ಜೊತೆಗೆ ಬೂದ್ರಾಮನೂ. ಕುಚೇಲಾ ಅವನ ಮಗಳು ಹಾಕಿದ್ದು. ನನ್ನ ಮುಲಾಮು ಮುಗಿದಿದೆಯಂತೆ, ಡಬ್ಬಿಯನ್ನು ಮಾತ್ರ ಇಟ್ಟುಕೊಂಡಿದ್ದಾನಂತೆ.

ನಾನು ಅವಳಿಗೆ ಹೊಲಿಗೆಯವಳ ಓಣಿ ಕೇಳಿದೆ, ಏಳು ಮನೆ ಕೇಳಿದೆ, ಸವಾನಾದಲ್ಲಿ ಈಗ ಎಷ್ಟು ಲಾರಿ ನಿಲ್ಲುತ್ತವೆ ಎಂದು ಕೇಳಿದೆ. ಅವಳು ಚಹಾ ಮರೆತು ನನ್ನನ್ನು ನೋಡುತ್ತಿದ್ದಳು.

"ಬೂದ್ರಾಮ್ ಅಂಕಲ್ ನಿಮಗೆ ಒಂದು ಮಾತು ಕೇಳಲು ಹೇಳಿದ್ದಾರೆ," ಎಂದಳು. "ಪೊಟ್ಟಣ ಕೊಟ್ಟದ್ದು ಯಾರು ಅಂತ ಅವರು ವಿಚಾರಿಸಿದಾಗ ಮಿಸ್ ಎನಿಡ್, ನಮ್ಮೂರಿನವಳೇ, ದುಬೈಯಲ್ಲಿದ್ದಾಳೆ ಅಂದರಂತೆ."

"ಏನು ಕೇಳಲು ಹೇಳಿದ್ದಾರೆ?"

"ಊರಿಗೆ ಯಾವಾಗ ಅಂತ."

ಇಷ್ಟು ವರ್ಷ ಕಂಡಕಂಡವರಿಗೆ ಕೇಳಿದ ಮಾತು. ಅದು ಎಲ್ಲಿಗೆ ಹೋಗಿ ತಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಏನನ್ನೋ ಹುಡುಕುವವಳ ಹಾಗೆ ಖಾಲಿ ಟ್ರೇಯ ಕಡೆ ಮುಖ ತಿರುಗಿಸಿದೆ.

"ಈ ವರ್ಷ ಆಗಲಿಲ್ಲ ಅಂತ ಹೇಳು," ಎಂದೆ. "ಬರುವ ವರ್ಷ ಖಂಡಿತ."

ಆಮೇಲೆ ಅವಳನ್ನು ಚಪ್ಪಲಿ ಹಾಕಿಕೋ ಎಂದು ಎಬ್ಬಿಸಿದೆ. ಬಿಸಿಲು ಇಳಿದಿತ್ತು. ಕೊಳದ ಹತ್ತಿರ ಹೋಗಿ ಅವಳ ಊರನ್ನು ಅವಳಿಗೆ ತೋರಿಸಬೇಕಿತ್ತು.